ಮಳೆ ರಜೆ: ಯಾರ ಮಾತನ್ನು ನಂಬಬೇಕು?

ಪ್ರಶ್ನೆ: ನಮ್ಮ ಮನೆ ನ್ಯಾಮತಿ ತಾಲ್ಲೂಕಿನ ಹಳ್ಳಿಯಲ್ಲಿದೆ, ಮಗಳು ಓದುವುದು ಹೊನ್ನಾಳಿಯಲ್ಲಿ. ಜೋರು ಮಳೆ ಹಿಡಿದಾಗ ಟಿ.ವಿ.ಯಲ್ಲಿ ‘ಆರೆಂಜ್ ಅಲರ್ಟ್’ ಎನ್ನುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ರಜೆ ಎಂದು ಬರುತ್ತದೆ, ಶಾಲೆಯ ಬಸ್ಸು ಮಾತ್ರ ಬಂದೇ ಬರುತ್ತದೆ. ರಜೆ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ನನ್ನ ಕೆಲಸಕ್ಕೂ ಆ ರಜೆ ಉಂಟೇ?

ಉತ್ತರ: ಮಳೆಗಾಲದಲ್ಲಿ ಮಕ್ಕಳಿರುವ ಮನೆಗಳಲ್ಲೆಲ್ಲ ಬೆಳಿಗ್ಗೆ ಏಳುವ ಸಂದೇಹವೇ ಇದು.

ಮೊದಲು ಅಲರ್ಟ್ ವಿಚಾರ. ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳನ್ನು ಕೊಡುವುದು ಭಾರತೀಯ ಹವಾಮಾನ ಇಲಾಖೆ. ಅದು ಮಳೆಯ ಮುನ್ನೆಚ್ಚರಿಕೆ ಮಾತ್ರ. ಶಾಲೆಗೆ ರಜೆ ಕೊಡುವ ಅಧಿಕಾರ ಆ ಇಲಾಖೆಗಿಲ್ಲ. ಆ ತೀರ್ಮಾನ ಜಿಲ್ಲಾಧಿಕಾರಿಯವರದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಅವರೇ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು. ಆದ್ದರಿಂದ ಕಿತ್ತಳೆ ಅಲರ್ಟ್ ಇದ್ದೂ ಶಾಲೆ ನಡೆಯಬಹುದು.

ಇನ್ನು, ಆದೇಶ ಇಡೀ ಜಿಲ್ಲೆಗೇ ಆಗಬೇಕೆಂದಿಲ್ಲ. ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳ ಸ್ವಭಾವವೇ ಬೇರೆ ಬೇರೆ. ನ್ಯಾಮತಿ, ಚನ್ನಗಿರಿಗಳು ಮಲೆನಾಡಿನ ಮಗ್ಗುಲಲ್ಲಿವೆ, ಜಗಳೂರು ಮಳೆಗಾಗಿ ಕಾಯುವ ಬಯಲುಸೀಮೆ. ಹೊನ್ನಾಳಿಯ ಕಥೆ ಮತ್ತೂ ಬೇರೆ. ಅಲ್ಲಿ ಹನಿ ಬೀಳದಿದ್ದರೂ ಹೊಳೆ ಏರಬಹುದು. ಗಾಜನೂರಿನ ತುಂಗಾ ಅಣೆಕಟ್ಟು ಹಿಡಿಯುವುದು 3.24 ಟಿಎಂಸಿ ಅಡಿ ನೀರು ಮಾತ್ರ. ಘಟ್ಟದಲ್ಲಿ ಮಳೆ ಸುರಿದರೆ ಅದು ಬೇಗ ತುಂಬಿ, ಬಂದ ನೀರನ್ನೆಲ್ಲ ಕೆಳಕ್ಕೆ ಬಿಡಬೇಕಾಗುತ್ತದೆ. ಕೂಡಲಿಯಲ್ಲಿ ಭದ್ರೆಯನ್ನು ಸೇರಿಕೊಂಡು ಆ ನೀರು ಬರುವುದು ಹೊನ್ನಾಳಿಯ ಕಡೆಗೇ. ಹೀಗಾಗಿ ಕೆಲವು ತಾಲ್ಲೂಕುಗಳಿಗೆ ಮಾತ್ರ ರಜೆ ಸಿಕ್ಕರೆ ಅದನ್ನು ತಾರತಮ್ಯ ಎಂದುಕೊಳ್ಳಬೇಡಿ.

ಇಲ್ಲೊಂದು ಗೊಂದಲ ಸಹಜ. ಹೊನ್ನಾಳಿ, ಚನ್ನಗಿರಿಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಈಗಲೂ ಅಲ್ಲಿನ ಸುದ್ದಿ ನಿಮ್ಮ ಫೋನಿಗೆ ಬೇಗ ತಲುಪುತ್ತದೆ. ಆದರೆ ಶಿವಮೊಗ್ಗದ ಜಿಲ್ಲಾಧಿಕಾರಿ ಕೊಟ್ಟ ರಜೆ ನಿಮಗೆ ಸಲ್ಲದು. ಇನ್ನೊಂದು ಮಾತು: ನೋಡಬೇಕಾದ್ದು ನಿಮ್ಮ ಮನೆಯಿರುವ ತಾಲ್ಲೂಕನ್ನಲ್ಲ, ಶಾಲೆಯಿರುವ ತಾಲ್ಲೂಕನ್ನು.

ವಾಟ್ಸ್‌ಆ್ಯಪ್‌ನಲ್ಲಿ ಆದೇಶದ ಪ್ರತಿ ಬಂದರೆ ದಿನಾಂಕವನ್ನು ಮೊದಲು ನೋಡಿ. ಹಳೆಯ ವರ್ಷದ ಆದೇಶಗಳು ಮತ್ತೆ ಮತ್ತೆ ಓಡಾಡುತ್ತವೆ, ದಿನಾಂಕ ತಿದ್ದಿದ ನಕಲಿಗಳೂ ಬರುತ್ತವೆ. ಆಮೇಲೆ ಜಿಲ್ಲೆ, ತಾಲ್ಲೂಕುಗಳ ಹೆಸರು, ಅಂಗನವಾಡಿಯಿಂದ ಎಲ್ಲಿಯವರೆಗಿನ ತರಗತಿಗಳಿಗೆ ರಜೆ ಎಂಬುದನ್ನು ಓದಿ. ಪ್ರೌಢಶಾಲೆಯವರೆಗೆ ಎಂದಿದ್ದರೆ ಪಿಯು ಕಾಲೇಜು ನಡೆಯುತ್ತದೆ. ಪದವಿ ಪರೀಕ್ಷೆ ಮುಂದೂಡಿದ್ದನ್ನು ವಿಶ್ವವಿದ್ಯಾಲಯವೇ ತಿಳಿಸಬೇಕು. ಅನುಮಾನ ಉಳಿದರೆ ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ. ಆದೇಶ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಯಿಂದ ಅವರಿಗೆ ಬಂದಿರುತ್ತದೆ. ಕೆಲವೊಮ್ಮೆ ಅದು ಹೊರಬೀಳುವುದೇ ಬೆಳಿಗ್ಗೆ. ರಾತ್ರಿ ಸುದ್ದಿ ಇರಲಿಲ್ಲವೆಂದು ಬೆಳಿಗ್ಗೆ ವಿಚಾರಿಸುವುದನ್ನು ಬಿಡಬೇಡಿ.

ನಿಮ್ಮ ಕೆಲಸದ ಮಾತು ಬೇರೆ. ಶಾಲಾ ರಜೆಯ ಆದೇಶ ಕಚೇರಿ, ಕಾರ್ಖಾನೆ, ಅಂಗಡಿಗಳಿಗೆ ಅನ್ವಯಿಸುವುದಿಲ್ಲ. ಕಂದಾಯ, ಪಂಚಾಯಿತಿ ನೌಕರರಿಗಂತೂ ಅಂಥ ದಿನ ಕೇಂದ್ರಸ್ಥಾನ ಬಿಡಬಾರದೆಂಬ ಸೂಚನೆಯೇ ಬರುತ್ತದೆ. ಖಾಸಗಿ ಕೆಲಸವಾದರೆ ಮಾಲೀಕರನ್ನೇ ಕೇಳಬೇಕು.

ಕೊನೆಯದಾಗಿ, ರಜೆ ಇಲ್ಲದ ದಿನವೂ ದಾರಿಯ ಹಳ್ಳ ಸೇತುವೆಯ ಮೇಲೆ ಹರಿಯುತ್ತಿದ್ದರೆ ಮಗಳನ್ನು ಕಳಿಸಬೇಡಿ. ಅದಕ್ಕೆ ಯಾರ ಆದೇಶವೂ ಬೇಕಿಲ್ಲ. ಶಾಲೆಗೆ ವಿಷಯ ತಿಳಿಸಿ. ಅಪಾಯ ಕಂಡರೆ ಜಿಲ್ಲಾ ತುರ್ತು ನಿಯಂತ್ರಣ ಕೊಠಡಿಯ 1077 ಸಂಖ್ಯೆಗೆ ಕರೆ ಮಾಡಿ.