ಅರ್ಥ ಗೊತ್ತು, ವಾಕ್ಯ ಬರದು

ಹೊಸಪೇಟೆಯನ್ನು ಬಿಟ್ಟರೆ ವಿಜಯನಗರ ಜಿಲ್ಲೆಯಲ್ಲಿ ಉಳಿಯುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ. ಈ ಐದು ತಾಲ್ಲೂಕುಗಳ ಕನ್ನಡ ಶಾಲೆಗಳಲ್ಲಿ ಓದಿ ಕಾಲೇಜು ಸೇರುವ ಮಕ್ಕಳ ಇಂಗ್ಲಿಷ್ ನೋಟ್‌ಬುಕ್ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಪುಟದ ನಡುವೆ ಒಂದು ಗೆರೆ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಅರ್ಥ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗಿದೆ. ಹಾಗಾಗಿ ಹತ್ತನೇ ತರಗತಿ ಮುಗಿಸಿದ ಹುಡುಗಿಗೆ ಪದಗಳ ಬರವೇನೂ ಇರುವುದಿಲ್ಲ. ಕೇಳಿದರೆ ನೂರಾರು ಪದಗಳಿಗೆ ಥಟ್ಟನೆ ಅರ್ಥ ಹೇಳುತ್ತಾಳೆ. ಅವುಗಳಲ್ಲಿ ಒಂದನ್ನು ಬಳಸಿ ಮೂರು ಸಾಲು ಬರೆ ಎಂದಾಗ ಪೆನ್ನು ನಿಲ್ಲುತ್ತದೆ. ಈ ಭಾಗದ ಇಂಗ್ಲಿಷ್ ಕಲಿಕೆಯನ್ನು ಬಹುಕಾಲದಿಂದ ಹತ್ತಿರದಿಂದ ನೋಡುತ್ತ ಬಂದ ನನಗೆ ಖಚಿತವಾಗಿರುವುದು ಇಷ್ಟು: ಆ ನಡುಗೆರೆಯ ಪುಟವೇ ತೊಡಕಿನ ಮೂಲ. ಪದವನ್ನು ವಾಕ್ಯದಿಂದ ಕಿತ್ತು ತಂದು ಬಾಯಿಪಾಠ ಮಾಡಿದವರಿಗೆ ಅದನ್ನು ಮರಳಿ ವಾಕ್ಯದೊಳಗೆ ಇಡುವುದು ಗೊತ್ತಾಗುವುದಿಲ್ಲ. ಮೊದಲಿಂದಲೂ ಪದವನ್ನು ಉದಾಹರಣೆ ವಾಕ್ಯದ ಸಮೇತ ಕಲಿಸಬೇಕು.

ಇದು ಅತ್ಯಂತ ನಿಚ್ಚಳವಾಗಿ ಕಾಣುವುದು ಫ್ರೇಸಲ್ ವರ್ಬ್‌ಗಳಲ್ಲಿ. ಪುಟ್ ಎಂದರೆ ಇಡು, ಆಫ್ ಎಂದರೆ ಆಚೆಗೆ. ಎರಡೂ ಗೊತ್ತಿದ್ದವರಿಗೂ ಪುಟ್ ಆಫ್ ಎಂದರೆ ಮುಂದಕ್ಕೆ ಹಾಕುವುದು ಎಂದು ಊಹಿಸಲು ದಾರಿಯಿಲ್ಲ. ಸರಿ, ‘ಪುಟ್ ಆಫ್: ಮುಂದೂಡು’ ಎಂದು ಬರೆದುಕೊಂಡರೆ ಸಾಕಲ್ಲವೇ? ಸಾಲದು. ‘ದೇ ಪುಟ್ ಆಫ್ ದ ವೆಡ್ಡಿಂಗ್’ ಎಂದೂ ಹೇಳಬಹುದು, ‘ದೇ ಪುಟ್ ದ ವೆಡ್ಡಿಂಗ್ ಆಫ್’ ಎಂದೂ ಹೇಳಬಹುದು. ಮದುವೆಯ ಬದಲು ‘ಇಟ್’ ಬಂದರೆ ಮಾತ್ರ ‘ಪುಟ್ ಇಟ್ ಆಫ್’ ಎಂದೇ ಹೇಳಬೇಕು, ‘ಪುಟ್ ಆಫ್ ಇಟ್’ ತಪ್ಪು. ಲುಕ್ ಆಫ್ಟರ್‌ನಲ್ಲಿ ಇದು ತಿರುವುಮುರುವು: ‘ಶೀ ಲುಕ್ಸ್ ಆಫ್ಟರ್ ದೆಮ್’ ಸರಿ, ‘ಶೀ ಲುಕ್ಸ್ ದೆಮ್ ಆಫ್ಟರ್’ ತಪ್ಪು. ಲುಕ್ ಫಾರ್‌ವರ್ಡ್ ಟು ಆದ ಮೇಲೆ ‘ಸೀ’ ಬರುವುದಿಲ್ಲ, ‘ಸೀಯಿಂಗ್’ ಬರಬೇಕು. ನಡುಗೆರೆಯ ಬಲಬದಿಯಲ್ಲಿ ಬರೆದ ಒಂದು ಕನ್ನಡ ಪದಕ್ಕೆ ಇದನ್ನೆಲ್ಲ ಹೇಳುವ ಶಕ್ತಿ ಇಲ್ಲ. ನಿಯಮವಾಗಿ ಹೇಳಹೊರಟರೆ ಅರ್ಧ ತಾಸು ಬೇಕು, ಮಕ್ಕಳಿಗೆ ಬೇಸರವೂ ಬರುತ್ತದೆ. ಒಂದೇ ಸಂಗತಿಯ ಎರಡು ವಾಕ್ಯಗಳನ್ನು, ಒಂದು ಹೆಸರಿನೊಂದಿಗೆ ಮತ್ತೊಂದು ಸರ್ವನಾಮದೊಂದಿಗೆ, ಜೋಡಿಯಾಗಿ ಬರೆಸಿದರೆ ನಿಯಮದ ಹೆಸರು ಗೊತ್ತಿಲ್ಲದೆಯೂ ಕಿವಿ ಪಳಗುತ್ತದೆ.

ಇದು ನಮ್ಮ ಮಕ್ಕಳ ದಡ್ಡತನದ ಮಾತಲ್ಲ ಎಂಬುದನ್ನು ಒತ್ತಿ ಹೇಳಬೇಕು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ನಿಘಂಟನ್ನು ಹೊರತಂದಾಗಲೇ, ಪರದೇಶದವರಿಗೆ ಇಂಗ್ಲಿಷಿನಲ್ಲಿ ಅತಿ ದೊಡ್ಡ ತೊಡಕು ಈ ಬಗೆಯ ಕ್ರಿಯಾಪದಗಳದ್ದು ಎಂದು ಮುನ್ನುಡಿಯಲ್ಲಿ ಗುರುತಿಸಿದ್ದ. ಅದಕ್ಕಿಂತ ಹತ್ತಿರದ ಸಾಕ್ಷಿ ನಮ್ಮ ಮಾತಿನಲ್ಲೇ ಇದೆ. ‘ಹತ್ತು’ ಎಂಬ ಕ್ರಿಯಾಪದವನ್ನು ನೋಡಿ. ಗುಡ್ಡ ಹತ್ತುತ್ತೇವೆ, ಬಸ್ಸು ಹತ್ತುತ್ತೇವೆ. ಬಣವೆಗೆ ಬೆಂಕಿ ಹತ್ತುತ್ತದೆ, ಕಣ್ಣಿಗೆ ನಿದ್ದೆ ಹತ್ತುತ್ತದೆ, ಕಳ್ಳನ ಬೆನ್ನು ಹತ್ತುತ್ತೇವೆ. ಇನ್ನು ಕೂಡ್ಲಿಗಿಯ ಕಡೆ ‘ಮಳಿ ಬರಾಕ ಹತ್ತೈತಿ’ ಎಂದರೆ ಏರುವುದೂ ಇಲ್ಲ, ಉರಿಯುವುದೂ ಇಲ್ಲ. ಮಳೆ ಈಗ ಬರುತ್ತಿದೆ, ಅಷ್ಟೇ. ಇವನ್ನು ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಮಳೆ ಬಂದಾಗ ಮಳೆಯ ವಾಕ್ಯ, ಬೆಂಕಿ ಬಿದ್ದಾಗ ಬೆಂಕಿಯ ವಾಕ್ಯ ಕಿವಿಗೆ ಬಿತ್ತು. ಇಂಗ್ಲಿಷಿನ ವಿಷಯದಲ್ಲಿ ಹಾಗೆ ಬೀಳುವ ವಾತಾವರಣ ನಮ್ಮ ಊರುಗಳಲ್ಲಿ ಇಲ್ಲ. ಆ ಕೊರತೆಯನ್ನು ತುಂಬಲು ನಮಗಿರುವ ಸಾಧನ ಬರೆದಿಟ್ಟ ಉದಾಹರಣೆ ವಾಕ್ಯ.

ನಿಘಂಟುಕಾರರು ಈ ಸತ್ಯವನ್ನು ಶಾಲೆಗಳಿಗಿಂತ ಬಹಳ ಮೊದಲೇ ಕಂಡುಕೊಂಡರು. ನಮ್ಮ ಹಳೆಯ ಜಿಲ್ಲಾ ಕೇಂದ್ರ ಬಳ್ಳಾರಿಯ ಲಂಡನ್ ಮಿಷನ್ನಿನಲ್ಲಿದ್ದ ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾಯಿತು. 1894ರಲ್ಲಿ ಮಂಗಳೂರಿನಿಂದ ಬಂದ ಕಿಟೆಲ್ ನಿಘಂಟಿನಲ್ಲಿ ಪದದ ಅರ್ಥದ ಜೊತೆಗೆ ಗಾದೆಗಳೂ ಪ್ರಯೋಗಗಳೂ ಸೇರಿಕೊಂಡವು. ಜಿ. ವೆಂಕಟಸುಬ್ಬಯ್ಯನವರ ಮುಂದಾಳ್ತನದಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಹೊರತಂದ ನಿಘಂಟಿನಲ್ಲಿ ಅರ್ಥಕ್ಕೆ ಆಧಾರವೇ ಪ್ರಯೋಗ. ಇಂಗ್ಲಿಷಿನ ಕಡೆಯಲ್ಲೂ ಇದೇ ದಾರಿ. ಜಪಾನಿನಲ್ಲಿ ಪಾಠ ಮಾಡುತ್ತಿದ್ದ ಎ. ಎಸ್. ಹಾರ್ನ್‌ಬಿ ಪರಭಾಷಿಕರಿಗೆಂದೇ ಕಟ್ಟಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಹೊರಬಂತು; ಇಂದು ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿ ಕಾಣುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಗೆ ಮೂಲ ಅದೇ. 1987ರ ಕೊಬಿಲ್ಡ್ ನಿಘಂಟಿನಲ್ಲಿ ಜಾನ್ ಸಿಂಕ್ಲೇರ್ ಇನ್ನೂ ಮುಂದೆ ಹೋಗಿ ಅರ್ಥವನ್ನೇ ಪೂರ್ಣ ವಾಕ್ಯದಲ್ಲಿ ಹೇಳಿದರು. ಬಸ್ ನಿಲ್ದಾಣಗಳಲ್ಲಿ ಮಾರುವ ತೆಳು ಪುಸ್ತಕಗಳು ಮಾತ್ರ ಇಂದಿಗೂ ನಡುಗೆರೆಯನ್ನು ಬಿಟ್ಟಿಲ್ಲ.

ಹಾಗಾದರೆ ಎಂಥ ವಾಕ್ಯ? ದೊಡ್ಡ ನಿಘಂಟಿನ ಉದಾಹರಣೆಗಳಲ್ಲಿ ಹಿಮ ಸುರಿಯುತ್ತದೆ, ರೈಲು ನಿಲ್ದಾಣದಲ್ಲಿ ಗೆಳೆಯನನ್ನು ಇಳಿಸುತ್ತಾರೆ. ತಪ್ಪೇನಿಲ್ಲ, ಆದರೆ ಹಡಗಲಿಯ ಮಲ್ಲಿಗೆ ತೋಟದ ಮಗುವಿನ ಮನಸ್ಸಿನಲ್ಲಿ ಅದಕ್ಕೆ ಚಿತ್ರವಿಲ್ಲ. ‘ದ ಬೋರ್‌ವೆಲ್ ಡ್ರೈಡ್ ಅಪ್’ ಎಂದರೆ ಕೂಡ್ಲಿಗಿಯ ಯಾವ ರೈತನ ಮಗನಿಗೂ ಎರಡನೇ ಸಲ ಹೇಳಬೇಕಾಗಿಲ್ಲ. ‘ವೀ ರ್‍ಯಾನ್ ಔಟ್ ಆಫ್ ಫಾಡರ್ ಇನ್ ಏಪ್ರಿಲ್’ ಕುರಿ ಸಾಕಿದ ಮನೆಗೆ ಗೊತ್ತಿರುವ ಸಂಗತಿ. ಕೊಟ್ಟೂರೇಶ್ವರನ ತೇರಿಗೆ ನಡೆದು ಬರುವವರು, ಮೈಲಾರಕ್ಕೆ ಬಂಡಿ ಕಟ್ಟುವವರು ಬೆಳಗಿಗೆ ಮುನ್ನ ‘ಸೆಟ್ ಔಟ್’ ಆಗುತ್ತಾರೆ. ಗುಡಿಯ ಬಾಗಿಲಲ್ಲಿ ಚಪ್ಪಲಿ ‘ಟೇಕ್ ಆಫ್’ ಮಾಡುತ್ತೇವೆ, ತೋರಣಗಲ್ಲಿನಲ್ಲಿ ವಿಮಾನ ‘ಟೇಕ್ಸ್ ಆಫ್’. ಇವೆರಡನ್ನು ಒಟ್ಟಿಗೆ ಬರೆಸಿದರೆ ಒಂದರಲ್ಲಿ ಕರ್ಮಪದ ಬೇಕು, ಇನ್ನೊಂದರಲ್ಲಿ ಬೇಡ ಎಂಬುದೂ ಕಂಡುಬಿಡುತ್ತದೆ. ‘ಸುಗ್ಗಿ ಮುಗಿಯಲಿ ಎಂದು ಮದುವೆ ಪುಟ್ ಆಫ್ ಮಾಡಿದರು’, ‘ಮಾತು ಮುರಿದು ಮದುವೆ ಕಾಲ್ ಆಫ್ ಮಾಡಿದರು’ ಎಂಬ ಎರಡು ಸಂಗತಿಗಳನ್ನು ಇಂಗ್ಲಿಷಿಗೆ ತಂದರೆ ಮುಂದೂಡುವುದಕ್ಕೂ ರದ್ದು ಮಾಡುವುದಕ್ಕೂ ಇರುವ ಅಂತರ ಮತ್ತೆ ಮರೆಯುವುದಿಲ್ಲ.

ಊರಿನ ಸಂಗತಿ ಹಾಕಿ ಮೇಷ್ಟ್ರು ಕಟ್ಟಿದ ಇಂಗ್ಲಿಷ್ ಸಹಜವಾಗಿರುತ್ತದೆಯೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸಿಂಕ್ಲೇರ್ ಕೂಡ, ಉದಾಹರಣೆಗಳನ್ನು ಹೊಸೆಯಬೇಡಿ, ಜನ ನಿಜಕ್ಕೂ ಆಡಿದ್ದನ್ನೇ ಕೊಡಿ ಎಂದು ಪಟ್ಟು ಹಿಡಿದವರು. ಕನ್ನಡದ ಜಾಯಮಾನಕ್ಕೆ ಇಂಗ್ಲಿಷಿನ ಬಟ್ಟೆ ತೊಡಿಸಿದ ವಾಕ್ಯ ಒಮ್ಮೆ ನಾಲಿಗೆಗೆ ಕೂತರೆ ಏಳಿಸುವುದು ಕಷ್ಟ. ಆದ್ದರಿಂದ ವಾಕ್ಯದ ಕಟ್ಟು ನಿಘಂಟಿನದ್ದೇ ಆಗಿರಲಿ, ಸಂಗತಿ ಮಾತ್ರ ನಮ್ಮದಾಗಲಿ. ನಿಘಂಟಿನಲ್ಲಿ ಕಾರು ‘ಬ್ರೋಕ್ ಡೌನ್’ ಆಗಿದ್ದರೆ ನಮ್ಮಲ್ಲಿ ಟ್ರ್ಯಾಕ್ಟರ್ ಆಗಲಿ. ಉಳಿದದ್ದನ್ನು ಮುಟ್ಟುವುದು ಬೇಡ. ಇಷ್ಟು ಶಿಸ್ತು ಪಾಲಿಸಿದರೆ ಸಿಂಕ್ಲೇರ್ ಹೇಳಿದ್ದಕ್ಕೂ ನಮ್ಮ ಅಗತ್ಯಕ್ಕೂ ಜಗಳವಿಲ್ಲ.

ಇನ್ನೊಂದು ಆಕ್ಷೇಪ ಬುದ್ಧಿವಂತ ಶಿಕ್ಷಕರಿಂದ ಬರುತ್ತದೆ. ಅಪ್, ಔಟ್, ಆಫ್ ಮುಂತಾದವಕ್ಕೆ ಒಂದೊಂದು ಒಳಗುಣವಿದೆ. ‘ಅಪ್’ ಬಂದಲ್ಲಿ ಕೆಲಸ ಪೂರ್ತಿಯಾಗುತ್ತದೆ, ಡ್ರೈ ಅಪ್, ಈಟ್ ಅಪ್, ಯೂಸ್ ಅಪ್ ನೋಡಿ. ಆ ಗುಣ ಕಲಿಸಿದರೆ ಒಂದೊಂದೇ ವಾಕ್ಯ ಯಾಕೆ ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಆದರೆ ಗಿವ್ ಅಪ್, ಬ್ರಿಂಗ್ ಅಪ್ ಬಂದಾಗ ಆ ಸೂತ್ರ ಕೈಕೊಡುತ್ತದೆ, ಕಲಿಯುವವನು ತಪ್ಪು ಊಹೆಯನ್ನು ಧೈರ್ಯದಿಂದ ಬರೆದುಬಿಡುತ್ತಾನೆ. ಹತ್ತಾರು ವಾಕ್ಯ ಕಲಿತ ಮೇಲೆ ಅವನ್ನೆಲ್ಲ ಒಟ್ಟಿಗೆ ಇಟ್ಟು ‘ಇವುಗಳಲ್ಲಿ ಅಪ್ ಏನು ಮಾಡುತ್ತಿದೆ’ ಎಂದು ಕೇಳುವುದು ಒಳ್ಳೆಯದು. ಸೂತ್ರ ವಾಕ್ಯಗಳ ಹಿಂದೆ ಬರಬೇಕು, ಮುಂದೆ ಬರಬಾರದು.

ಪರೀಕ್ಷೆಗೆ ಇಷ್ಟೆಲ್ಲ ಸಮಯವೆಲ್ಲಿ ಎಂಬುದು ಪೋಷಕರ ಮಾತು. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲೂ ಪತ್ರ, ಪ್ರಬಂಧ ಬರೆಯಲೇಬೇಕು. ಅಲ್ಲಿ ಒಂಟಿ ಪದಕ್ಕೆ ಅಂಕವಿಲ್ಲ. ವಾಕ್ಯವಾಗಿ ಕಲಿತ ಇಪ್ಪತ್ತು ಪದಗಳು ಪತ್ರವೊಂದಕ್ಕೆ ಆಗಿಬರುತ್ತವೆ, ಅರ್ಥ ಮಾತ್ರ ಗೊತ್ತಿರುವ ಇನ್ನೂರು ಆಗುವುದಿಲ್ಲ. ಕಲಿಯಬೇಕಾದದ್ದು ಸಾಗರದಷ್ಟೂ ಇಲ್ಲ. ಬಂಗಾಳದಲ್ಲಿ ಶಾಲಾ ಓದಿನ ಬಗ್ಗೆ ದುಡಿದ ಮೈಕೆಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಇರುವುದು ಸುಮಾರು 2000 ಮೂಲಪದಗಳು. ಗೆಟ್, ಪುಟ್, ಟೇಕ್, ಕಮ್, ಗೋ, ಲುಕ್, ರನ್ ಎಲ್ಲವೂ ಅದರಲ್ಲಿವೆ, ಮಕ್ಕಳಿಗೂ ಅವು ಆಗಲೇ ಗೊತ್ತು.

ಕನ್ನಡವನ್ನು ಹೊರಗಿಡಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ಪದದ ಎದುರಿಗೆ ಪದ ಇಡುವ ಬದಲು, ಇಡೀ ವಾಕ್ಯದ ಕೆಳಗೆ ಇಡೀ ಕನ್ನಡ ವಾಕ್ಯ ಇರಲಿ, ಅದೂ ಮಗು ಮನೆಯಲ್ಲಿ ಆಡುವ ಕನ್ನಡ. ‘ಬಾವಿ ಬತ್ತಿ ಹೋತು’ ಎಂದು ಬರೆದರೆ ತಪ್ಪೆನ್ನಬಾರದು. ಮರುದಿನ ಇಂಗ್ಲಿಷ್ ಸಾಲನ್ನು ಕೈಯಿಂದ ಮುಚ್ಚಿ, ಆ ಕನ್ನಡ ಸಾಲನ್ನು ನೋಡಿ ಇಂಗ್ಲಿಷನ್ನು ಮತ್ತೆ ಬರೆಯಬೇಕು. ವಾರದ ಬಳಿಕ ಇನ್ನೊಮ್ಮೆ, ತಿಂಗಳ ಬಳಿಕ ಮತ್ತೊಮ್ಮೆ. ಸುಮ್ಮನೆ ಓದಿ ಹಾಳೆ ತಿರುವುವುದಕ್ಕಿಂತ ಹೀಗೆ ನೆನಪಿನಿಂದ ಎಳೆದು ತೆಗೆದದ್ದು ಹೆಚ್ಚು ಕಾಲ ನಿಲ್ಲುತ್ತದೆ. ಇಂಥ ವಾಕ್ಯಗಳ ಪುಸ್ತಕವನ್ನು ಐದೂ ತಾಲ್ಲೂಕುಗಳ ಇಂಗ್ಲಿಷ್ ಶಿಕ್ಷಕರು ಕೂಡಿ, ಒಂದೊಂದನ್ನೂ ಒಳ್ಳೆಯ ನಿಘಂಟಿಗೆ ಹಿಡಿದು ನೋಡಿ, ಒಂದು ಬೇಸಿಗೆ ರಜೆಯಲ್ಲಿ ಸಿದ್ಧಪಡಿಸಬಹುದು. ಅದಕ್ಕೆ ಬೇಕಾದ ಸಂಗತಿಗಳನ್ನು ಹೊಲದಿಂದ, ಸಂತೆಯಿಂದ, ಜಾತ್ರೆಯಿಂದ ಮಕ್ಕಳೇ ತಂದುಕೊಡುತ್ತಾರೆ.