ಲಾಂಚರ್ ಎಲ್ಲಿ ಓಡಬೇಕು? ಕಿರಿಯ ಅಡ್ಮಿನ್‌ಗೊಂದು ಪತ್ರ

ಪ್ರೀತಿಯ ಕಿರಿಯ ಮಿತ್ರರೇ,

ಟರ್ಮಿನಲ್ ಸರ್ವರ್ ಉಸ್ತುವಾರಿ ಹೊಸದಾಗಿ ವಹಿಸಿಕೊಂಡವರ ಮುಂದೆ ಬೇಗನೆ ಬರುವ ಬೇಡಿಕೆಯೊಂದಿದೆ. ಮೌಸ್ ಮುಟ್ಟದೆ ಕೆಲಸ ಮಾಡುವವರಿಗೆ ಲಾಂಚಿಯಂಥ ಲಾಂಚರ್ ಬೇಕು: ಆಲ್ಟ್-ಸ್ಪೇಸ್ ಒತ್ತಿ, ಎರಡಕ್ಷರ ಟೈಪಿಸಿ, ಎಂಟರ್ ಹೊಡೆದರೆ ಪ್ರೋಗ್ರಾಂ ತೆರೆಯಬೇಕು. ನ್ಯಾಯವಾದ ಬೇಡಿಕೆಯೇ. ಅದನ್ನು ಸರ್ವರ್‌ನ ಸೆಷನ್ನಿನೊಳಗೆ ಓಡಿಸಬೇಕೋ, ಬಳಕೆದಾರರ ಮೇಜಿನ ಮೇಲಿನ ಯಂತ್ರದಲ್ಲೋ ಎಂಬುದನ್ನು ಮಾತ್ರ ಇನ್‌ಸ್ಟಾಲ್‌ಗೆ ಮೊದಲೇ ತೀರ್ಮಾನಿಸಬೇಕು.

ಸಿಟ್ರಿಕ್ಸ್‌ನಿಂದ ಮಲ್ಟಿವಿನ್ ತಂತ್ರಜ್ಞಾನ ಪಡೆದು ಮೈಕ್ರೋಸಾಫ್ಟ್ 1998ರಲ್ಲಿ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿ ತಂದಿತು. ಒಂದೇ ಯಂತ್ರದಲ್ಲಿ ಹತ್ತಾರು ಜನ ಲಾಗಿನ್ ಆಗತೊಡಗಿದರು. ಆದರೂ ಯಂತ್ರಕ್ಕೊಬ್ಬರೇ ಇರುತ್ತಾರೆಂದು ನಂಬಿ ಬರೆದ ಪ್ರೋಗ್ರಾಂಗಳಿಗೆ ಇಂದಿಗೂ ಕೊರತೆಯಿಲ್ಲ. ತನ್ನ ಎರಡನೇ ಪ್ರತಿ ಓಡದಂತೆ ಪ್ರೋಗ್ರಾಂ ಮ್ಯೂಟೆಕ್ಸ್ ಎಂಬ ಗುರುತು ಇಡುತ್ತದೆ. ಸಾಮಾನ್ಯವಾಗಿ ಅದು ಆಯಾ ಸೆಷನ್ನಿಗೆ ಸೀಮಿತ. ಹೆಸರಿನ ಆರಂಭದಲ್ಲಿ 'ಗ್ಲೋಬಲ್' ಎಂದಿದ್ದರೆ ಇಡೀ ಸರ್ವರ್‌ಗೇ ಅನ್ವಯ. ಆಗ ಬೆಳಿಗ್ಗೆ ಮೊದಲು ಬಂದವರಿಗಷ್ಟೇ ಲಾಂಚರ್ ಸಿಗುತ್ತದೆ, ಮಿಕ್ಕವರ ಸೆಷನ್ನಿನಲ್ಲಿ ಅದು ತೆರೆಯುವುದೇ ಇಲ್ಲ. ಹಾಗಾಗಿ ಎರಡು ಸಾಮಾನ್ಯ ಖಾತೆಗಳಿಂದ ಒಟ್ಟಿಗೆ ಲಾಗಿನ್ ಆಗಿ ನೋಡದೆ ಯಾವ ಲಾಂಚರನ್ನೂ ಸರ್ವರ್‌ಗೆ ಹಾಕಬಾರದು. ಅಡ್ಮಿನ್ ಖಾತೆಯೊಂದರಲ್ಲೇ ಪರೀಕ್ಷಿಸಿದರೆ ಇನ್ನೊಂದು ದೋಷವೂ ಕಣ್ತಪ್ಪುತ್ತದೆ: ಕೆಲವು ಪೋರ್ಟಬಲ್ ಲಾಂಚರ್‌ಗಳು ಸೆಟ್ಟಿಂಗ್‌ಗಳನ್ನು ತಮ್ಮದೇ ಫೋಲ್ಡರಿನಲ್ಲಿ ಬರೆಯುತ್ತವೆ, ಪ್ರೋಗ್ರಾಂ ಫೈಲ್ಸ್‌ನಲ್ಲಿ ಬರೆಯುವ ಅಧಿಕಾರ ಸಾಮಾನ್ಯ ಬಳಕೆದಾರರಿಗಿರುವುದಿಲ್ಲ.

ದಿನವಿಡೀ ಸರ್ವರ್‌ನ ಪೂರ್ಣ ಡೆಸ್ಕ್‌ಟಾಪಿನಲ್ಲೇ ಇರುವವರಿಗೆ ಲಾಂಚರ್ ಸೆಷನ್ನಿನೊಳಗೇ ಇರಲಿ. ಅವರ ಪ್ರೋಗ್ರಾಂಗಳೂ ಶಾರ್ಟ್‌ಕಟ್‌ಗಳೂ ಅಲ್ಲಿವೆ. ಹೊರಗಿನ ಲಾಂಚರ್‌ಗೆ ಅವು ಕಾಣುವುದಿಲ್ಲ. ಆದರೆ 40 ಜನ ಲಾಗಿನ್ ಆದರೆ 40 ಪ್ರತಿಗಳು ಓಡುತ್ತವೆ, ಪ್ರತಿಯೊಂದೂ ತನ್ನ ಇಂಡೆಕ್ಸ್ ತಾನೇ ಕಟ್ಟುತ್ತದೆ. ಹುಡುಕುವ ಜಾಗವನ್ನು ಸ್ಟಾರ್ಟ್ ಮೆನುವಿಗಷ್ಟೇ ಸೀಮಿತಗೊಳಿಸುವುದು ಒಳ್ಳೆಯದು. 'ಟಿಎಸ್‌ಕ್ಲೈಂಟ್' ಹೆಸರಿನಲ್ಲಿ ಸೆಷನ್ನಿಗೆ ಕಾಣುವ ಬಳಕೆದಾರರ ಸ್ವಂತ ಡ್ರೈವ್‌ಗಳನ್ನಂತೂ ಸೇರಿಸಲೇಬಾರದು. ಅಲ್ಲಿನ ಒಂದೊಂದು ಫೋಲ್ಡರಿನ ಪಟ್ಟಿಯೂ ನೆಟ್‌ವರ್ಕ್ ದಾಟಿ ಬರಬೇಕು.

ರಿಮೋಟ್‌ಆ್ಯಪ್ ವಿಷಯವೇ ಬೇರೆ. ವಿಂಡೋಸ್ ಸರ್ವರ್ 2008ರೊಂದಿಗೆ ಬಂದ ಈ ಏರ್ಪಾಡಿನಲ್ಲಿ ಬಳಕೆದಾರರಿಗೆ ಸಿಗುವುದು ಪ್ರೋಗ್ರಾಂನ ಕಿಟಕಿ ಮಾತ್ರ. ಅಲ್ಲಿ ಲಾಂಚರ್ ಮೇಜಿನ ಯಂತ್ರದಲ್ಲೇ ಇರಬೇಕು. ವಿಂಡೋಸ್ 7ರಿಂದೀಚೆಗೆ ರಿಮೋಟ್‌ಆ್ಯಪ್ ಶಾರ್ಟ್‌ಕಟ್‌ಗಳನ್ನು ಆ ಯಂತ್ರದ ಸ್ಟಾರ್ಟ್ ಮೆನುವಿಗೇ ತರಿಸಬಹುದು. ಲಾಂಚರ್ ಅವನ್ನು ಸ್ಥಳೀಯ ಪ್ರೋಗ್ರಾಂಗಳ ಜೊತೆಗೇ ಹುಡುಕಿಕೊಡುತ್ತದೆ. ಲಾಂಚರನ್ನು ಸರ್ವರ್ ಕಡೆ ಎಲ್ಲರ ಲಾಗಿನ್‌ಗೂ ಕಟ್ಟಿಹಾಕಿದರೆ ಕೊನೆಯ ಕಿಟಕಿ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಉಳಿದು, ಸೆಷನ್ ಮುಗಿಯದೆ ಮೆಮೊರಿ ಹಿಡಿದಿರಬಹುದು.

ಎರಡೂ ಕಡೆ ಲಾಂಚರ್ ಬೇಕೆನ್ನುವವರೂ ಇದ್ದಾರೆ. ಅವರಿಗೆ ಎರಡು ಬೇರೆ ಹಾಟ್‌ಕೀ ಕೊಡಿ. ರಿಮೋಟ್ ಡೆಸ್ಕ್‌ಟಾಪ್ ಮೊದಲೇ ಗೊಂದಲದ ಜಾಗ: ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಆಲ್ಟ್-ಟ್ಯಾಬ್ ಪೂರ್ಣ ಪರದೆಯಿದ್ದಾಗ ಸರ್ವರ್‌ಗೆ ಹೋಗುತ್ತದೆ, ಕಿಟಕಿಯಲ್ಲಿದ್ದಾಗ ಮೇಜಿನ ಯಂತ್ರಕ್ಕೆ. ಲಾಂಚರ್‌ಗಳಿಗೂ ಒಂದೇ ಕೀ ಇಟ್ಟರೆ ಯಾವುದು ತೆರೆಯಿತೆಂದು ಬಳಕೆದಾರರಿಗೆ ತಿಳಿಯದು, ದೂರು ನಿಮ್ಮ ಮೇಜಿಗೆ ಬರುತ್ತದೆ. ಲಾಂಚರ್ ಹಾಕಿದ ಮೊದಲ ವಾರ ಟಾಸ್ಕ್ ಮ್ಯಾನೇಜರಿನ ಯೂಸರ್ಸ್ ಟ್ಯಾಬ್ ತೆರೆದು, ಡಿಸ್‌ಕನೆಕ್ಟ್ ಆದ ಸೆಷನ್‌ಗಳಲ್ಲಿ ಅದು ಇನ್ನೂ ಓಡುತ್ತಿದೆಯೇ ಎಂದು ಸಂಜೆಯ ಹೊತ್ತು ನೋಡುತ್ತಿರಿ.

ಇಂತಿ,
ನಿಮ್ಮ ಹಿರಿಯ ಸಹೋದ್ಯೋಗಿ