ಗುಂಡಿಯಿಂದ ಶುರುವಾದ ಪಾಠ: ಏಳನೇ ತರಗತಿಯಲ್ಲಿ ತ್ಯಾಜ್ಯ ನೀರು

ಬಿ.ಎಸ್ಸಿ. ಮುಗಿಸಿ ಬಿ.ಎಡ್. ಸೇರಿದ ನನಗೆ ಬೋಧನಾಭ್ಯಾಸಕ್ಕೆ ಸಿಕ್ಕಿದ್ದು ದೇವನಹಳ್ಳಿ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆ. ಏಳನೇ ತರಗತಿಯ ವಿಜ್ಞಾನದಲ್ಲಿ ತ್ಯಾಜ್ಯ ನೀರಿನ ಘಟಕವನ್ನು ಎರಡು ಅವಧಿಗೆ ಯೋಜಿಸಿಕೊಂಡಿದ್ದೆ. ಒಳಚರಂಡಿ, ಮ್ಯಾನ್‌ಹೋಲ್, ಶುದ್ಧೀಕರಣ ಘಟಕದ ಹಂತಗಳು ಎಲ್ಲವೂ ಒಂದೇ ದೊಡ್ಡ ಚಾರ್ಟಿನಲ್ಲಿದ್ದವು. ಎರಡು ರಾತ್ರಿ ಕುಳಿತು ಬಣ್ಣ ತುಂಬಿದ ಚಾರ್ಟ್ ಅದು.

ಪೂರ್ವಜ್ಞಾನ ಪರೀಕ್ಷೆಗೆ, "ನಿಮ್ಮ ಮನೆಯ ಬಚ್ಚಲ ನೀರು, ಕಕ್ಕಸಿನ ನೀರು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದೆ. ಪಾಠಯೋಜನೆಯ 'ನಿರೀಕ್ಷಿತ ಉತ್ತರ' ಕಾಲಂನಲ್ಲಿ 'ಒಳಚರಂಡಿಗೆ' ಎಂದು ಬರೆದುಕೊಂಡಿದ್ದೆ. ಮಕ್ಕಳು ಹೇಳಿದ್ದು: "ಗುಂಡಿಗೆ ಮಿಸ್." "ಬಚ್ಚಲ ನೀರು ಬಾಳೆಗಿಡಕ್ಕೆ ಮಿಸ್." ಒಳಚರಂಡಿ ಎಂದವರು ಒಬ್ಬರೂ ಇಲ್ಲ. ಆದರೂ ನಾನು "ಸರಿ, ಪಟ್ಟಣಗಳಲ್ಲಿ..." ಎಂದು ಚಾರ್ಟ್ ಬಿಚ್ಚಿದೆ. ಮಕ್ಕಳು ಶಿಸ್ತಾಗಿ ಬರೆದುಕೊಂಡರು.

ನಡುವೆ ಇನ್ನೊಂದು ತಪ್ಪಾಯಿತು. ಗುಂಡಿ ತುಂಬಿದರೆ ಏನು ಮಾಡುತ್ತಾರೆ ಎಂದು ಕೇಳಿದಾಗ ಒಬ್ಬ ಹುಡುಗ ಎದ್ದು, "ಸಕ್ಕಿಂಗ್ ಮೆಷಿನ್ ಗಾಡಿ ಬರುತ್ತೆ, ಇವರಪ್ಪಾನೇ ಓಡ್ಸೋದು" ಎಂದು ಪಕ್ಕದವನನ್ನು ತೋರಿಸಿದ. ತರಗತಿ ಗೊಳ್ಳೆಂದು ನಕ್ಕಿತು. ನಾನು "ಸೈಲೆನ್ಸ್" ಎಂದು ಮುಂದಿನ ಹಂತಕ್ಕೆ ಹೋದೆ. ವೀಕ್ಷಣಾ ಪುಸ್ತಕದಲ್ಲಿ ನನ್ನ ತರಗತಿ ನಿಯಂತ್ರಣಕ್ಕೆ 'ಉತ್ತಮ' ಎಂಬ ಷರಾ ಸಿಕ್ಕಿತು. ಆ ಹುಡುಗ ಮರುದಿನ ಕೊನೆಯ ಸಾಲಿಗೆ ಹೋಗಿ ಕೂತಿದ್ದ.

ಊಟದ ಬಿಡುವಿನಲ್ಲಿ ಅವನ ಹತ್ತಿರ ಮಾತಾಡಿದೆ. ಅವನ ತಂದೆಯ ಕೆಲಸವನ್ನೇ ಉದಾಹರಣೆಯಾಗಿ ಹೊಗಳಿದರೆ ಸರಿಹೋಗುತ್ತದೆ ಎಂದುಕೊಂಡಿದ್ದೆ. "ಬೇಡ ಮಿಸ್, ಅಪ್ಪನ ವಿಷಯ ಎತ್ಬೇಡಿ" ಎಂದ. ಎತ್ತಲಿಲ್ಲ. ಎರಡನೇ ಅವಧಿಯ ಯೋಜನೆಯನ್ನು ಪೂರ್ತಿ ಬದಲಿಸಿ, ಗುಂಡಿಯಿಂದಲೇ ಶುರುಮಾಡಿದೆ.

ತಳ ಕತ್ತರಿಸಿದ ಮೂರು ಬಾಟಲಿಗಳ ಬಾಯಿಗೆ ಬಟ್ಟೆ ಕಟ್ಟಿ ತಲೆಕೆಳಗಾಗಿ ನಿಲ್ಲಿಸಿದೆವು. ಒಂದರಲ್ಲಿ ಶಾಲೆ ಹಿಂದಿನ ಕೆಮ್ಮಣ್ಣು, ಒಂದರಲ್ಲಿ ಕೆರೆಗೋಡು, ಒಂದರಲ್ಲಿ ಮರಳು. ಇಂಕು ಬೆರೆಸಿದ ನೀರು ಸುರಿದಾಗ ಮರಳಿನ ಕೆಳಗಿನ ಲೋಟ ಕೂಡಲೇ ನೀಲಿಯಾಯಿತು. ಕೆಮ್ಮಣ್ಣಿನಿಂದ ನೀರು ನಿಧಾನವಾಗಿ, ತಿಳಿಯಾಗಿ ತೊಟ್ಟಿಕ್ಕಿತು. ಕೆರೆಗೋಡಿನ ಮೇಲೆ ನೀರು ಹಾಗೇ ನಿಂತಿತು. ಕಕ್ಕಸಿನ ಗುಂಡಿಯ ಗೋಡೆಯಲ್ಲಿ ತೂತು ಬಿಡುವುದು, ತಳಕ್ಕೆ ಸಿಮೆಂಟ್ ಹಾಕದಿರುವುದು ಏಕೆಂದು ನಾನು ವಿವರಿಸಬೇಕಾಗಲಿಲ್ಲ.

ಮರಳಿನ ಬಾಟಲಿ ತೋರಿಸಿ ಪೆಸಿಫಿಕ್ ಸಾಗರದ ಕಿರಿಬಾಟಿ ದ್ವೀಪರಾಷ್ಟ್ರದ ವಿಷಯ ಹೇಳಿದೆ. ಅಲ್ಲಿನ ಹವಳದ ದ್ವೀಪಗಳಲ್ಲಿ ನೆಲ ಮರಳು, ಸಿಹಿನೀರು ಕೆಲವೇ ಅಡಿ ಕೆಳಗೆ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ಗುಂಡಿ ತೋಡಿದರೆ ಕುಡಿಯುವ ನೀರೇ ಕೆಡುತ್ತದೆ. "ಹಂಗಾದ್ರೆ ಅವರೇನ್ಮಾಡ್ತಾರೆ ಮಿಸ್?" ದಕ್ಷಿಣ ತಾರಾವಾದ ಕೆಲವು ಕಡೆ ಸಮುದ್ರದ ನೀರಿನಿಂದಲೇ ಫ್ಲಶ್ ಮಾಡುವ ವ್ಯವಸ್ಥೆಯಿದೆ ಎಂದಾಗ ಮಕ್ಕಳಿಗೆ ಆಶ್ಚರ್ಯ. ನಮ್ಮಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟುತ್ತದಲ್ಲ ಎಂದು ಒಬ್ಬಳು ತಾನೇ ಹೋಲಿಸಿದಳು.

ನಂತರ ಗಾಡಿಯ ವಿಷಯ. ದೇವನಹಳ್ಳಿಯಲ್ಲಿ 2015ರಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುವಾಯಿತು. ಪಟ್ಟಣ ಮಟ್ಟದಲ್ಲಿ ದೇಶಕ್ಕೇ ಮೊದಲನೆಯದು ಎನ್ನುತ್ತಾರೆ. ಸಿಡಿಡಿ ಸೊಸೈಟಿ ವಿನ್ಯಾಸ ಮಾಡಿದ್ದು, ಸಾಮರ್ಥ್ಯ ದಿನಕ್ಕೆ 6,000 ಲೀಟರ್. ಗುಂಡಿಗಳಿಂದ ತಂದದ್ದು ಅಲ್ಲಿ ಗಾಳಿಯಿಲ್ಲದ ತೊಟ್ಟಿಗಳಲ್ಲಿ ಕೊಳೆತು, ಒಣಗುವ ಹಾಸುಗಳ ಮೇಲೆ ಹರಡಿ, ಪಟ್ಟಣದ ಹಸಿ ಕಸದ ಜೊತೆ ಸೇರಿ ಗೊಬ್ಬರವಾಗುತ್ತದೆ. ಇಷ್ಟು ಹತ್ತಿರದ ಘಟಕವನ್ನು ಬಿಟ್ಟು ಎಲ್ಲಿಯದೋ ಚಿತ್ರವನ್ನು ನಾನೇಕೆ ಬರೆದಿದ್ದೆನೋ! ಹಿಂದೆ ಇದೇ ಕೆಲಸವನ್ನು ಮನುಷ್ಯರು ತಲೆಯ ಮೇಲೆ ಹೊತ್ತು ಮಾಡುತ್ತಿದ್ದರು ಎಂದೂ, 1970ರ ದಶಕದ ಆರಂಭದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ಅದನ್ನು ನಿಷೇಧಿಸಿದರೆಂದೂ, 2013ರ ಕೇಂದ್ರ ಕಾಯ್ದೆಯಂತೆ ಇಂದು ಯಾರನ್ನೂ ರಕ್ಷಣಾ ಸಾಧನಗಳಿಲ್ಲದೆ ಗುಂಡಿಗೆ ಇಳಿಸುವುದು ಅಪರಾಧವೆಂದೂ ಹೇಳಿದೆ. ಈ ಸಲ ಯಾರೂ ನಗಲಿಲ್ಲ.

ಸಿರಿಂಜ್ ಹಿಡಿದು, "ಗಾಡಿಯ ಪಂಪು ಹೀಗೆ ಗುಂಡಿಯಲ್ಲಿರೋದನ್ನ ತನ್ನೊಳಗೆ ಎಳ್ಕೊಳ್ಳುತ್ತೆ" ಎಂದೆ. ಕೊನೆಯ ಸಾಲಿನಿಂದ ಕೈ ಎದ್ದಿತು. "ಪಂಪೊಳಕ್ಕೆ ಅದು ಹೋಗಲ್ಲ ಮಿಸ್. ಪಂಪು ಟ್ಯಾಂಕಿನ ಗಾಳಿ ಮಾತ್ರ ತೆಗೆಯುತ್ತೆ. ಆಮೇಲೆ ಪೈಪಲ್ಲಿ ಅದೇ ಏರಿ ಬರುತ್ತೆ." ಗಾಳಿಯ ಒತ್ತಡದ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನಲ್ಲಿರಲಿಲ್ಲ. "ಮುಚ್ಚಳ ತೆಗೆದ ತಕ್ಷಣ ಬಗ್ಗಿ ನೋಡ್ಬಾರ್ದು, ಗ್ಯಾಸ್ ಇರುತ್ತೆ" ಎಂದೂ ಸೇರಿಸಿದ. ಮೀಥೇನ್, ಹೈಡ್ರೋಜನ್ ಸಲ್ಫೈಡ್ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ನನ್ನ ಪಾಠಯೋಜನೆಯಲ್ಲಿ ಅವು ಇರಲೇ ಇಲ್ಲ. ಅವನಿಗೆ ಇದೆಲ್ಲ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಬೆಂಚಿನ ಆಚೆ ಯಾರೋ ಕಿಸಕ್ಕೆಂದದ್ದೂ ನಿಜ.

ವಾಯು ಊಡುವ ಹಂತ, ಕಂಬಿ ಜಾಲರಿ ಎರಡೂ ಉಳಿದುಹೋದವು. ಘಟಕ ಪೂರ್ಣಗೊಳಿಸಲಿಲ್ಲವೆಂದು ಮಾರ್ಗದರ್ಶಕರು ಅಂಕ ಕಳೆದರು, ಅದು ನ್ಯಾಯವೇ. ಆದರೆ ಕ್ರಮ ಹೀಗೇ ಇರಬೇಕೆಂದು ನನಗೆ ಈಗಲೂ ಅನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕದಲ್ಲಿ, ಬೇರೆ ಮನೆಯವರೊಂದಿಗೆ ಹಂಚಿಕೊಳ್ಳದ ಸರಿಯಾದ ಕಕ್ಕಸು ಇದ್ದರೆ ಅದು 'ಮೂಲ' ಸೌಲಭ್ಯ. ಅದರ ತ್ಯಾಜ್ಯಕ್ಕೂ ಸುರಕ್ಷಿತ ದಾರಿ ಇದ್ದರೆ ಮಾತ್ರ 'ಸುರಕ್ಷಿತ ನಿರ್ವಹಣೆ'. 2022ರಲ್ಲಿ ಈ ಎರಡನೆಯದು ಇಲ್ಲದವರು ಜಗತ್ತಿನಲ್ಲಿ ಸುಮಾರು 350 ಕೋಟಿ. ನಮ್ಮ ಮಕ್ಕಳ ಮನೆಗಳು ಈ ಎರಡು ಪದಗಳ ನಡುವೆಯೇ ಎಲ್ಲೋ ಇವೆ.

ಘಟಕ ಪರೀಕ್ಷೆಯಲ್ಲಿ, ಗುಂಡಿ ಬೇಗ ತುಂಬದಿರಲು ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಎಂಬ ಪ್ರಶ್ನೆ ಕೊಟ್ಟಿದ್ದೆ. ಒಬ್ಬ ಹುಡುಗಿ ಬರೆದಿದ್ದಳು: 'ಅಜ್ಜಿ ಮತ್ತು ಅಪ್ಪ ಹೊಲಕ್ಕೆ ಹೋಗುತ್ತಾರೆ. ನಾನು, ಅಮ್ಮ, ತಮ್ಮ ಮಾತ್ರ ಒಳಗೆ.' ಉತ್ತರ ಸರಿಯೋ ತಪ್ಪೋ ಗೊತ್ತಾಗದೆ ಪೂರ್ಣ ಅಂಕ ಕೊಟ್ಟೆ. ಕೆಳಗೆ ಒಂದು ಲೆಕ್ಕ ಬರೆದೆ: ನೀರು ಇಂಗುವ ಗುಂಡಿಯಲ್ಲಿ ಒಬ್ಬರಿಂದ ವರ್ಷಕ್ಕೆ ಉಳಿಯುವುದು ಸುಮಾರು 45 ಲೀಟರ್. ಐದು ಜನರಿಗೆ 225. ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿಯಲ್ಲಿ ಹಿಡಿಯುವುದು 785 ಲೀಟರ್. ಅಂದರೆ ಐವರೂ ಬಳಸಿದರೂ ಮೂರು ವರ್ಷಕ್ಕಿಂತ ಹೆಚ್ಚು. ಪಕ್ಕದಲ್ಲಿ ಇನ್ನೊಂದು ಗುಂಡಿಯಿದ್ದರೆ ಅದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ ಗೊಬ್ಬರ.

ಅವಳ ಮನೆಯ ಗುಂಡಿಯ ಅಗಲ, ಆಳ ಕೇಳಿಕೊಂಡು ಬರಲು ಹೇಳಿದ್ದೇನೆ. ರಿಂಗ್ ಇಳಿಸಿದ ಮೇಸ್ತ್ರಿಗೆ ಗೊತ್ತಿರುತ್ತದಂತೆ.